ಇಷ್ಟ ಆಗದ್ದನ್ನು ಇಷ್ಟ ಆಯ್ತು ಅಂತ ಹೇಳಬೇಕಿತ್ತಾ?

ಪ್ರಶ್ನೆ:

ನಮ್ಮದು ಕಾಸರಗೋಡಿನ ನೀರ್ಚಾಲು ಹತ್ತಿರ. ಮಗಳಿಗೆ ಹದಿನೇಳು, ಪ್ಲಸ್ ಟು ಓದುತ್ತಿದ್ದಾಳೆ. ಹದಿಹರೆಯದವರಿಗಾಗಿ ಬರುವ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸಿಕ್ಕಿದರೆ ಅವಳಿಗೆ ಊಟದ ನೆನಪೂ ಇರುವುದಿಲ್ಲ. ಬೇಸಿಗೆ ರಜೆಯಲ್ಲಿ ಒಂದು ದಪ್ಪ ಪುಸ್ತಕ ತಂದು ನನ್ನ ಕೈಗಿಟ್ಟು, "ಅಮ್ಮ, ನೀನು ಇದನ್ನು ಓದಲೇಬೇಕು" ಅಂದಳು. ನನ್ನ ಇಂಗ್ಲಿಷ್ ನಿಧಾನ. ಆದರೂ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ಹನ್ನೆರಡು ದಿನ ಕೂತು ಓದಿ ಮುಗಿಸಿದೆ.

ಮಂತ್ರವಿದ್ಯೆಗೆ ನಿಷೇಧ ಇರುವ ಒಂದು ರಾಜ್ಯ. ಅಲ್ಲಿ ಅಪ್ಪ ಅಮ್ಮ ಇಲ್ಲದ ಹದಿನೇಳರ ಹುಡುಗಿ. ಅವಳಿಗೆ ಗುಟ್ಟಾಗಿ ಆ ಶಕ್ತಿ ಇದೆ. ಆದರೆ ಮಂತ್ರ ಹಾಕಿದಾಗಲೆಲ್ಲ ಅವಳದೊಂದು ನೆನಪು ಅಳಿಸಿಹೋಗುತ್ತದೆ. ಶತ್ರು ರಾಜಕುಮಾರ ಅವಳನ್ನು ಹಿಡಿದು ಕೋಣೆಯಲ್ಲಿ ಕೂಡಿಹಾಕುತ್ತಾನೆ, ಆಮೇಲೆ ಅವಳು ಅವನನ್ನೇ ಪ್ರೀತಿಸುತ್ತಾಳೆ. ಕೊನೆಗೆ ದೊಡ್ಡ ಯುದ್ಧ. ಅಷ್ಟು ದೊಡ್ಡ ಮಂತ್ರ ಹಾಕಿಯೂ ಅವಳು ಸುಮ್ನೆ ಗೆದ್ದುಬಿಡುತ್ತಾಳೆ. ಕಥೆ ಅಲ್ಲಿಗೂ ಮುಗಿಯುವುದಿಲ್ಲ, ಎರಡನೇ ಭಾಗ ಓದಬೇಕಂತೆ.

"ಹೇಗಿತ್ತಮ್ಮ?" ಅಂತ ಕೇಳಿದಳು. "ಎಲ್ಲ ಟೊಳ್ಳು. ಇಂಥದ್ದನ್ನು ಓದಿ ನಿನಗೆ ಏನು ಸಿಗ್ತದೆ?" ಅಂದೆ. ಅವಳು ಮಾತಾಡದೆ ಪುಸ್ತಕ ತೆಗೆದುಕೊಂಡು ಒಳಗೆ ಹೋದಳು. ಎರಡು ತಿಂಗಳಾಯಿತು, ಪುಸ್ತಕದ ಸುದ್ದಿಯೇ ಇಲ್ಲ. ಈಗ ಫೋನಿನಲ್ಲಿ ಓದುತ್ತಾಳೆ. ನಾನು ಹತ್ತಿರ ಹೋದರೆ ಫೋನು ಕವುಚಿ ಹಾಕುತ್ತಾಳೆ.

ನಾವು ಚಂದಮಾಮ ಓದಿ ಬೆಳೆದವರು, ಅದರಲ್ಲಿ ನೀತಿ ಇತ್ತು. ಇದರಲ್ಲಿ ಏನಿದೆ? ಸುಳ್ಳು ಲೋಕದಲ್ಲೇ ಮುಳುಗಿದರೆ ಓದು, ಪರೀಕ್ಷೆ ಹಾಳಾಗುವುದಿಲ್ಲವೇ? ನನ್ನ ಅಭಿಪ್ರಾಯ ತಪ್ಪೇ? ಇಷ್ಟ ಆಗದ್ದನ್ನು ಇಷ್ಟ ಆಯ್ತು ಅಂತ ಹೇಳಬೇಕಿತ್ತಾ? ಎರಡನೇ ಭಾಗವನ್ನೂ ಓದಬೇಕಾ? ಒಂದು ವಿಷಯ ಬಿಟ್ಟುಹೋಯಿತು. ಅಷ್ಟು ದೊಡ್ಡ ಪುಸ್ತಕದಲ್ಲಿ ಅವಳು ಒಂದೇ ಒಂದು ಪುಟದ ಮೂಲೆ ಮಡಚಿಟ್ಟಿದ್ದಳು. ಆ ಹುಡುಗಿ ತನ್ನ ತಾಯಿಯ ದನಿಯ ನೆನಪನ್ನು ಕಳೆದುಕೊಳ್ಳುವ ಜಾಗ ಅದು.

ಉತ್ತರ:

ಅಮ್ಮ, ನಿಮ್ಮ ಪತ್ರ ಓದಿ ಆ ಪುಸ್ತಕ ತರಿಸಿಕೊಂಡೆ. ಎರಡು ಭಾಗವನ್ನೂ ಓದಿದೆ. ಪುಸ್ತಕದ ಹೆಸರು ಇಲ್ಲಿ ಬೇಡ. ನಾನು ಹೇಳಲಿರುವುದು ಈ ಬಗೆಯ ಎಷ್ಟೋ ಪುಸ್ತಕಗಳಿಗೆ ಹೊಂದುವ ಮಾತು.

ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ ಅಂತ ನನಗೆ ಅನಿಸುತ್ತದೆ. ಮಗಳು ತನಗೆ ಪ್ರಿಯವಾದದ್ದನ್ನು ಕೈಯಲ್ಲಿ ಹಿಡಿದುಕೊಂಡು ನಿಮ್ಮ ಹತ್ತಿರ ಬಂದಳು, ನೀವು ನಿಜ ಹೇಳಿದಿರಿ, ಅವಳು ಬಾಗಿಲು ಹಾಕಿಕೊಂಡಳು. ಹಾಗಾದರೆ ನಿಜ ಹೇಳಿದ್ದೇ ತಪ್ಪಾ? ಅಲ್ಲ. ಇಷ್ಟ ಆಗದ್ದನ್ನು ಇಷ್ಟ ಆಯ್ತು ಅಂತ ಖಂಡಿತ ಹೇಳಬಾರದಿತ್ತು. ಹದಿನೇಳು ವರ್ಷದವರಿಗೆ ಸುಳ್ಳು ಹೊಗಳಿಕೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ತಪ್ಪಿದ್ದು ಬೇರೆ ಕಡೆ. ನಿಮ್ಮ ಪತ್ರದಲ್ಲಿ ಆ ಕಾದಂಬರಿಯ ಬಗ್ಗೆ ಎರಡು ಒಳ್ಳೆಯ ಮಾತುಗಳಿವೆ. ಪಳಗಿದ ವಿಮರ್ಶಕರು ಹೇಳಬಹುದಾದ ಮಾತುಗಳು ಅವು. ಆದರೆ ಮಗಳು ಕೇಳಿದಾಗ ಅವೆರಡನ್ನೂ ನೀವು ಹೇಳಲಿಲ್ಲ. "ಟೊಳ್ಳು" ಅಂದಿರಿ. "ಇಂಥದ್ದು" ಅಂದಿರಿ. ಆ ಪುಸ್ತಕವನ್ನು ಬಿಟ್ಟು ಆ ಜಾತಿಯ ಎಲ್ಲ ಪುಸ್ತಕಗಳ ಮೇಲೆ ತೀರ್ಪು ಕೊಟ್ಟಿರಿ. ಜತೆಗೆ "ನಿನಗೆ ಏನು ಸಿಗ್ತದೆ" ಅಂದಾಗ ಆ ತೀರ್ಪು ಮಗಳ ಮೇಲೂ ಬಿತ್ತು.

ಇದನ್ನು ನಿಮ್ಮನ್ನು ದೂರುವುದಕ್ಕೆ ಹೇಳುತ್ತಿಲ್ಲ. ಇದೇ ತಪ್ಪನ್ನು ನಾನು ಮೇಷ್ಟ್ರಾಗಿದ್ದಾಗ ಮಾಡಿದ್ದೇನೆ. ಈ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ, ಶಾಲೆಯ ಲೈಬ್ರರಿಯೂ ನನ್ನ ಹೊಣೆಯಾಗಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಡ್ರ್ಯಾಗನ್ ಚಿತ್ರದ ಮುಖಪುಟ ಇರುವ ಪುಸ್ತಕ ಹಿಡಿದುಕೊಂಡು ಬಂದಿದ್ದ. "ಇದೆಲ್ಲ ಬಿಟ್ಟು ಒಳ್ಳೆಯ ಪುಸ್ತಕ ಏನಾದರೂ ಓದು" ಅಂದೆ. ಅವನು ತಲೆ ಆಡಿಸಿ ಹೋದ. ಆ ವರ್ಷ ಮತ್ತೆ ಲೈಬ್ರರಿಗೆ ಬರಲೇ ಇಲ್ಲ. ಆ ಪುಸ್ತಕವನ್ನು ನಾನು ತೆರೆದೂ ನೋಡಿರಲಿಲ್ಲ. ನೀವು ಹನ್ನೆರಡು ರಾತ್ರಿ ಕೂತು ಓದಿದ್ದೀರಿ. ನನಗಿಂತ ಬಹಳ ಮುಂದೆ ಇದ್ದೀರಿ.

ಮೊದಲು ಈ ಸುಳ್ಳು ಲೋಕದ ಭಯ ನೋಡೋಣ. ಫ್ಯಾಂಟಸಿ ಓದುವ ಮಕ್ಕಳಿಗೆ ನಿಜ ಯಾವುದು, ಕಥೆ ಯಾವುದು ಎಂಬ ಗೊಂದಲ ಆಗುತ್ತದೆ ಎನ್ನುವವರು ಬಹಳ. ಹದಿನೇಳರ ವಯಸ್ಸಿನಲ್ಲಿ ಹಾಗೆ ಆಗುವುದಿಲ್ಲ. ನಾಲ್ಕೈದು ವರ್ಷದ ಮಗು ಗೆರಟೆಯಲ್ಲಿ ಮಣ್ಣಿನ ಅನ್ನ ಬಡಿಸುವಾಗಲೂ ಅದು ಆಟ ಅಂತ ಅದಕ್ಕೆ ಗೊತ್ತಿರುತ್ತದೆ. ನಿಮ್ಮ ಮಗಳಿಗೆ ಮಂತ್ರದಿಂದ ರ‍್ಯಾಂಕ್ ಬರುವುದಿಲ್ಲ ಅಂತ ಚೆನ್ನಾಗಿ ಗೊತ್ತಿದೆ.

ಓದಿಗೆ ತೊಂದರೆ ಆಗುವುದು ನಿಜ, ಆದರೆ ಬೇರೆ ಕಾರಣಕ್ಕೆ. ಈ ಪುಸ್ತಕಗಳ ಅಧ್ಯಾಯಗಳು ಚಿಕ್ಕವು, ಪ್ರತಿ ಅಧ್ಯಾಯವೂ ಒಂದು ಕೊಕ್ಕೆಯಲ್ಲಿ ನಿಲ್ಲುತ್ತದೆ. ಇನ್ನೊಂದು, ಇನ್ನೊಂದು ಅಂತ ರಾತ್ರಿ ಎರಡು ಗಂಟೆ ಆಗುತ್ತದೆ. ಹಾಳಾಗುವುದು ನಿದ್ದೆ. ಫೋನಿನಲ್ಲಿ ಓದಿದರೆ ಇನ್ನೂ ಜಾಸ್ತಿ. ಹಾಗಾಗಿ ಹತ್ತೂವರೆಗೆ ದೀಪ ಆರಬೇಕು ಎಂದು ನೀವು ಹೇಳಬಹುದು, ಅದರಲ್ಲಿ ತಪ್ಪಿಲ್ಲ. ಗಡಿಯಾರದ ಮಾತನ್ನು ಗಡಿಯಾರದ ಮಾತಾಗಿಯೇ ಹೇಳಿ. ಅದನ್ನು ಪುಸ್ತಕದ ಗುಣದ ಜತೆ ಬೆರೆಸಬೇಡಿ.

ಇನ್ನು ಚಂದಮಾಮ. ಕನ್ನಡದಲ್ಲಿ ಅದು 1949ರಿಂದ ಬಂತು. ನಮ್ಮ ಮನೆಗಳಲ್ಲಿ ಅಡಿಕೆ ಸುಲಿಯುವ ಹೊತ್ತಿಗೆ ಯಾರಾದರೂ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಮಗೆ ಅದರಲ್ಲಿ ತುಂಬ ನೆನಪಿರುವುದು ಯಾವುದು? ಬೇತಾಳನ ಕಥೆ ಅಲ್ವಾ? ಶಂಕರ್ ಬರೆದ ಆ ಚಿತ್ರ ಈಗಲೂ ಕಣ್ಣಿಗೆ ಕಟ್ಟುತ್ತದೆ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ನಡುರಾತ್ರಿ, ಸ್ಮಶಾನ. ಹೆಣದೊಳಗಿಂದ ಬೇತಾಳ ಮಾತಾಡುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ನಿನ್ನ ತಲೆ ಸಾವಿರ ಹೋಳು ಅನ್ನುತ್ತಾನೆ. ನಾವು ಅದನ್ನು ಹತ್ತು ವರ್ಷಕ್ಕೇ ಓದಿದೆವು. ಕೆಡಲಿಲ್ಲ.

ಮತ್ತೆ, ಅದರಲ್ಲಿ ನೀತಿ ಇತ್ತು ಅನ್ನುವುದು ಪೂರ್ತಿ ನಿಜ ಅಲ್ಲ. ಬೇತಾಳ ಕಥೆ ಹೇಳಿ ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದ. ಮೂವರಲ್ಲಿ ಯಾರು ದೊಡ್ಡವರು? ತಪ್ಪು ಯಾರದು? ವಿಕ್ರಮ ಹೇಳಿದ ಉತ್ತರ ನಮಗೆ ಎಷ್ಟೋ ಸಲ ಒಪ್ಪಿಗೆ ಆಗುತ್ತಿರಲಿಲ್ಲ. ಅಣ್ಣ ಒಂದು ಹೇಳುತ್ತಿದ್ದ, ಅಜ್ಜಿ ಇನ್ನೊಂದು. ಅಡಿಕೆ ರಾಶಿ ಕರಗುವವರೆಗೂ ಚರ್ಚೆ. ನಮಗೆ ಸಿಕ್ಕಿದ್ದು ಆ ಚರ್ಚೆ. ನಿಮ್ಮ ಮಗಳು ಪುಸ್ತಕ ತಂದು ಕೈಗಿಟ್ಟದ್ದೂ ಅಂಥ ಒಂದು ಚರ್ಚೆಗಾಗಿಯೇ ಇರಬೇಕು.

ಅವಳು ಓದುವ ಈ ಬಗೆಗೆ ಯಂಗ್ ಅಡಲ್ಟ್ ಅಂತ ಹೆಸರು. ಸುಮಾರು ಹನ್ನೆರಡರಿಂದ ಹದಿನೆಂಟು ವಯಸ್ಸಿನವರಿಗೆ ಅಂತ ಲೆಕ್ಕ. ಅಮೆರಿಕದ ಗ್ರಂಥಪಾಲಕರ ಸಂಘ 1957ರಲ್ಲೇ ಈ ವಯಸ್ಸಿನ ಓದುಗರಿಗಾಗಿ ಪ್ರತ್ಯೇಕ ವಿಭಾಗ ಮಾಡಿತ್ತು. ಕನ್ನಡದಲ್ಲಿ ಈ ಕಪಾಟು ಬಹಳ ಬಡವಾಗಿದೆ. ಒಂದು ಕಡೆ ಚಿಣ್ಣರ ಪದ್ಯ, ಇನ್ನೊಂದು ಕಡೆ ದೊಡ್ಡವರ ಕಾದಂಬರಿ. ನಡುವೆ ನಿಂತ ಹದಿನಾಲ್ಕರ ಹುಡುಗಿ ಕೇಳಿದರೆ ಕೊಡಲು ನನ್ನ ಕೈಗೆ ಬೆರಳೆಣಿಕೆಯ ಪುಸ್ತಕಗಳೇ ಸಿಗುತ್ತಿದ್ದವು. ಅವಳು ಇಂಗ್ಲಿಷಿಗೆ ಹೋಗುವುದು ಸಹಜ. ಇದು ನನಗೆ ಬೇಸರದ ವಿಷಯ. ಆದರೆ ಅದಕ್ಕೆ ಮಕ್ಕಳು ಹೊಣೆ ಅಲ್ಲ.

ಇನ್ನು ನಿಮಗೆ ಟೊಳ್ಳು ಅನಿಸಿದ್ದು ಯಾಕೆ ಅಂತ ನೋಡೋಣ. ಅಪ್ಪ ಅಮ್ಮ ಯಾವಾಗಲೂ ಯಾಕೆ ಸತ್ತಿರುತ್ತಾರೆ? ಹದಿನೇಳರ ಹುಡುಗಿ ಕೈಗೆ ಕತ್ತಿ ಯಾಕೆ? ಇಡೀ ರಾಜ್ಯದ ಭಾರ ಇವಳ ತಲೆ ಮೇಲೆಯೇ ಯಾಕೆ? ಇದೆಲ್ಲ ಎಳಸು ಅಂತ ದೊಡ್ಡವರಿಗೆ ಅನಿಸುತ್ತದೆ.

ನೀವು ಕುಂಬಳೆ ಸೀಮೆಯವರು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನ ಹತ್ತಿರದವರು. ಯಕ್ಷಗಾನದ ಆಟ ನೋಡದೆ ಬೆಳೆದಿರಲಾರಿರಿ. ಹಾಗಾಗಿ ಪುಂಡುವೇಷ ಅಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಭಿಮನ್ಯು, ಬಬ್ರುವಾಹನ. ಮೀಸೆ ಚಿಗುರದ ಹುಡುಗರು. ಚೆಂಡೆಗೆ ಸರಿಯಾಗಿ ರಂಗಸ್ಥಳಕ್ಕೆ ಹಾರಿ ಬಂದು ಗಿರಗಿರ ಸುತ್ತಿ ಹಾರುವ ದಿಗಿಣವನ್ನು ಸಾಲು ಸಾಲಾಗಿ ಹೊಡೆಯುವಾಗ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಅಭಿಮನ್ಯುವಿಗೆ ಎಷ್ಟು ವಯಸ್ಸು? ಹದಿನಾರು. ನಿಮ್ಮ ಮಗಳ ಕಾದಂಬರಿಯ ಹುಡುಗಿ ಅವನಿಗಿಂತ ಒಂದು ವರ್ಷ ದೊಡ್ಡವಳು.

ಅವನನ್ನು ಒಬ್ಬನನ್ನೇ ಚಕ್ರವ್ಯೂಹದೊಳಗೆ ಕಳುಹಿಸಲು ಆ ಕಥೆ ಎಷ್ಟು ಶ್ರಮಪಟ್ಟಿದೆ ನೋಡಿ. ಅಪ್ಪ ಹತ್ತಿರ ಇದ್ದರೆ ಆಗುವುದಿಲ್ಲ. ಹಾಗಾಗಿ ಸಂಶಪ್ತಕರು ಅರ್ಜುನನನ್ನು ದೂರ ಎಳೆದುಕೊಂಡು ಹೋಗುತ್ತಾರೆ. ಅರ್ಜುನನ ಜತೆ ಸಾರಥಿ ಕೃಷ್ಣನೂ ಹೋದ. ಉಳಿದ ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು ಹಿಂದೆಯೇ ಬರುತ್ತೇವೆ ಅಂತಾರೆ. ಅವರನ್ನು ಸೈಂಧವ ಬಾಗಿಲಲ್ಲೇ ತಡೆಯುತ್ತಾನೆ. ದೊಡ್ಡವರೆಲ್ಲ ಹೊರಗೆ, ಹುಡುಗ ಒಳಗೆ. ಬಬ್ರುವಾಹನನ ಅಪ್ಪ ಜತೆಗಿರಲಿಲ್ಲ. ಲವಕುಶರ ಅಪ್ಪನೂ ಇರಲಿಲ್ಲ. ಎಳೆಯರು ತಾವೇ ತೀರ್ಮಾನ ತೆಗೆದುಕೊಳ್ಳಬೇಕಾದರೆ ದೊಡ್ಡವರು ಪಕ್ಕಕ್ಕೆ ಸರಿಯಬೇಕು. ಇಂಗ್ಲಿಷ್ ಕಾದಂಬರಿಗಳಲ್ಲಿ ಅಪ್ಪ ಅಮ್ಮ ಮೊದಲ ಅಧ್ಯಾಯದಲ್ಲೇ ಸಾಯುವುದಕ್ಕೂ ಇದೇ ಕಾರಣ. ಅದು ತಂದೆತಾಯಿಯ ಮೇಲಿನ ದ್ವೇಷ ಅಲ್ಲ, ಕಥೆಯ ಅಗತ್ಯ.

ಪುರಾಣವನ್ನೂ ಈಚಿನ ಕಾದಂಬರಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದೇನೆ ಅಂತ ತಿಳಿಯಬೇಡಿ. ಕಥೆ ಕಟ್ಟುವ ರೀತಿಯನ್ನು ಮಾತ್ರ ಹೇಳುತ್ತಿದ್ದೇನೆ. ನಮ್ಮ ಊರಿನ ದೈವಗಳ ಕಥೆಯನ್ನಂತೂ ಈ ಮಾತಿನೊಳಗೆ ತರುವುದೇ ಇಲ್ಲ. ನಂಬಿದವರಿಗೆ ಅದು ಕಲ್ಪನೆ ಅಲ್ಲ.

ಹದಿನೇಳರವರಿಗೆ ಇದು ಯಾಕೆ ಇಷ್ಟು ಹಿಡಿಸುತ್ತದೆ? ಪ್ಲಸ್ ಟು ಓದುವ ಹುಡುಗಿಯ ದಿನ ನೆನಪಿಸಿಕೊಳ್ಳಿ. ಯಾವ ಕೋರ್ಸು, ಯಾವ ಊರು, ಯಾವ ಎಂಟ್ರೆನ್ಸು, ಹಾಸ್ಟೆಲೋ ಮನೆಯೋ, ಎಲ್ಲವನ್ನೂ ಮನೆಯಲ್ಲಿ ನಾಲ್ಕು ಜನ ಮಾತಾಡುತ್ತಾರೆ. ಅವಳ ಬದುಕಿನ ಬಗ್ಗೆ ಅವಳ ಮುಂದೆಯೇ ತೀರ್ಮಾನ ಆಗುತ್ತಿರುತ್ತದೆ. ಕಾದಂಬರಿಯಲ್ಲಿ ಅದೇ ವಯಸ್ಸಿನ ಒಬ್ಬಳು ತಪ್ಪೋ ಸರಿಯೋ ತಾನೇ ತೀರ್ಮಾನ ತೆಗೆದುಕೊಂಡು ಅದರ ಬೆಲೆ ತೆರುತ್ತಾಳೆ. ಹೆಚ್ಚಿನವು "ನಾನು" ಅಂತಲೇ ಹೇಳುವ ಕಥೆಗಳು. ಓದುವವಳು ನೇರ ಒಳಗೆ ಇರುತ್ತಾಳೆ. ನಲವತ್ತು ದಾಟಿದ ನಮಗೆ ಆ "ನಾನು" ಎಳಸಾಗಿ ಕೇಳುತ್ತದೆ. ಅದು ಹದಿನೇಳರ ದನಿ, ಹಾಗೆಯೇ ಕೇಳಬೇಕು.

ಹಾಗಾದರೆ ಎಲ್ಲವೂ ಒಳ್ಳೆಯದೇ? ಖಂಡಿತ ಅಲ್ಲ. ದಿಗಿಣ ಹೊಡೆದವರೆಲ್ಲ ಅಭಿಮನ್ಯು ಆಗುವುದಿಲ್ಲ. ಇಲ್ಲಿಂದ ನಿಮ್ಮ ಎರಡು ಒಳ್ಳೆಯ ಮಾತುಗಳಿಗೆ ಬರುತ್ತೇನೆ.

ಮೊದಲನೆಯದು, "ಅಷ್ಟು ದೊಡ್ಡ ಮಂತ್ರ ಹಾಕಿಯೂ ಸುಮ್ನೆ ಗೆದ್ದುಬಿಡುತ್ತಾಳೆ."

ಫ್ಯಾಂಟಸಿ ಕಾದಂಬರಿಯನ್ನು ಅಳೆಯಲು ನನಗೆ ಗೊತ್ತಿರುವ ಅತಿ ಒಳ್ಳೆಯ ಅಳತೆಗೋಲು ಇದು. ಅಲ್ಲಿ ನಡೆಯುವುದು ನಮ್ಮ ಲೋಕದಲ್ಲಿ ನಡೆಯುತ್ತದೆಯೇ ಅಂತ ಕೇಳುವುದು ವ್ಯರ್ಥ. ಕಥೆ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಪಾಲಿಸುತ್ತದೆಯೇ ಅಂತ ಕೇಳಬೇಕು. ಇಂಥ ಕಥೆಗಳನ್ನು ಬರೆದು ಹೆಸರಾದ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಕೊಟ್ಟ ಒಂದು ಭಾಷಣದಲ್ಲಿ ಇದನ್ನೇ ವಿವರಿಸಿದ್ದಾರೆ. ಕಥೆಗಾರ ಒಂದು ಲೋಕ ಕಟ್ಟುತ್ತಾನೆ, ಆ ಲೋಕದ ನಿಯಮಕ್ಕೆ ಹೊಂದುವವರೆಗೆ ಒಳಗಿರುವ ಓದುಗನಿಗೆ ಎಲ್ಲವೂ ನಿಜ, ನಂಬಿಕೆ ತಪ್ಪಿದ ಕ್ಷಣ ಮೋಡಿ ಮುರಿದು ಓದುಗ ಹೊರಗೆ ಬಂದುಬಿಡುತ್ತಾನೆ ಎಂಬುದು ಅವರ ಮಾತಿನ ಸಾರ.

ಇದನ್ನು ತಿಳಿಯಲು ಸ್ಕಾಟ್ಲೆಂಡಿಗೆ ಹೋಗಬೇಕಾಗಿಯೂ ಇಲ್ಲ. ಅಭಿಮನ್ಯುವಿಗೆ ವ್ಯೂಹ ಹೊಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ಕಥೆ ಇದನ್ನು ಮೊದಲೇ ಹೇಳಿಬಿಡುತ್ತದೆ. ಆಮೇಲೆ ಆ ಹುಡುಗ ಎಷ್ಟೇ ವೀರನಾಗಿ ಹೋರಾಡಲಿ, ನೋಡುವ ನಮಗೆ ಎಷ್ಟೇ ಕರುಳು ಹಿಂಡಲಿ, ಕಥೆ ಆ ನಿಯಮ ಮುರಿಯುವುದಿಲ್ಲ. ಭಾಗವತರು ಒಂದು ಹೊಸ ಪದ ಹೇಳಿ ಅವನನ್ನು ವ್ಯೂಹದಿಂದ ಹೊರಗೆ ತಂದುಬಿಟ್ಟರೆ ಹೇಗಿರುತ್ತದೆ? ಅವನು ಬದುಕಿಕೊಳ್ಳುತ್ತಾನೆ. ಕಥೆ ಸಾಯುತ್ತದೆ. ಬೆಳಿಗ್ಗೆ ಗದ್ದೆ ಬದುವಿನಲ್ಲಿ ಮನೆಗೆ ನಡೆಯುವಾಗ ಯಾರ ಕಣ್ಣೂ ಒದ್ದೆ ಇರುವುದಿಲ್ಲ.

ನಿಮ್ಮ ಕಾದಂಬರಿಯಲ್ಲಿ ನಿಯಮ ಸ್ಪಷ್ಟ. ಮಂತ್ರಕ್ಕೆ ನೆನಪಿನ ಬೆಲೆ. ಮೊದಲ ಮುನ್ನೂರು ಪುಟಗಳಲ್ಲಿ ಲೇಖಕಿ ಇದನ್ನು ಬಹಳ ನಿಷ್ಠೆಯಿಂದ ನಡೆಸಿದ್ದಾರೆ. ದೀಪ ಹಚ್ಚುವಷ್ಟು ಸಣ್ಣ ಮಂತ್ರಕ್ಕೆ ಒಂದು ಮಧ್ಯಾಹ್ನದ ನೆನಪು ಹೋಗುತ್ತದೆ. ಗಾಯ ಮಾಯಲು ಒಬ್ಬ ಗೆಳತಿಯ ಹೆಸರು ಹೋಗುತ್ತದೆ. ಸೆರೆಯಿಂದ ತಪ್ಪಿಸಿಕೊಳ್ಳುವ ದೊಡ್ಡ ಮಂತ್ರಕ್ಕೆ ತಾಯಿಯ ದನಿ ಹೋಗುತ್ತದೆ. ಅಲ್ಲಿ ನಾನೂ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೆ ಕೊನೆಯ ಯುದ್ಧದಲ್ಲಿ, ಇಡೀ ಸೇನೆಯನ್ನೇ ತಡೆಯುವ ಮಂತ್ರಕ್ಕೆ ಏನು ಹೋಯಿತು? ಲೇಖಕಿ ಏನೂ ಹೇಳುವುದಿಲ್ಲ. ನಿಮಗೆ ಅಲ್ಲಿ ಮೋಸ ಆದಂತೆ ಅನಿಸಿತು. ಸರಿಯಾಗಿಯೇ ಅನಿಸಿತು. ಹನ್ನೆರಡು ದಿನ ಆ ಲೋಕದೊಳಗೆ ಪ್ರಾಮಾಣಿಕವಾಗಿ ಇದ್ದವರಿಗೆ ಮಾತ್ರ ಹಾಗೆ ಅನಿಸಲು ಸಾಧ್ಯ. ಅಂದರೆ ನೀವು ಆ ಸುಳ್ಳು ಲೋಕವನ್ನು ನಂಬಿದ್ದಿರಿ, ಅಮ್ಮ. ಅದಕ್ಕೇ ಅದು ತಪ್ಪಿದಾಗ ಸಿಟ್ಟು ಬಂತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇವು ಸರಣಿ ಕಾದಂಬರಿಗಳು. ಎರಡು, ಮೂರು ಭಾಗಕ್ಕೆ ಮೊದಲೇ ಯೋಜನೆ ಇರುತ್ತದೆ. ಒಂದನೇ ಭಾಗದಲ್ಲಿ ತೀರದ ಸಾಲವನ್ನು ಬೇಕಂತಲೇ ಬಿಟ್ಟು ಎರಡನೆಯದರಲ್ಲಿ ವಸೂಲಿ ಮಾಡುವುದುಂಟು. ಮರೆತುಬಿಡುವುದೂ ಉಂಟು. ಹಾಗಾಗಿ ಮೊದಲ ಭಾಗದ ಮುಕ್ತಾಯದ ಬಗ್ಗೆ ನಮ್ಮ ತೀರ್ಪು ಅರ್ಧವೇ. "ಇಲ್ಲಿ ಲೆಕ್ಕ ಬಾಕಿ ಇದೆ" ಅನ್ನಬಹುದು. "ಲೆಕ್ಕ ತಪ್ಪಿದೆ" ಅನ್ನಲು ಇನ್ನೂ ಸಮಯ ಆಗಿಲ್ಲ.

ಎರಡನೆಯದು ಆ ರಾಜಕುಮಾರ. ಕೂಡಿಹಾಕಿದವನನ್ನೇ ಪ್ರೀತಿಸುವುದು. ಇದರಲ್ಲಿ ನಾನು ನಿಮ್ಮ ಪಕ್ಷ. ಶತ್ರುಗಳಿಬ್ಬರು ಪ್ರೇಮಿಗಳಾಗುವುದು ಈ ಬಗೆಯ ಪುಸ್ತಕಗಳಲ್ಲಿ ಬಹಳ ಓಡುವ ಸರಕು. ಶತ್ರುತ್ವ ಕರಗುವುದನ್ನು ನಿಧಾನವಾಗಿ, ಇಬ್ಬರೂ ಬದಲಾಗುವಂತೆ ಬರೆದರೆ ಅದು ಚೆಂದ. ಆದರೆ ಎಷ್ಟೋ ಲೇಖಕರು ಬೆದರಿಕೆಯನ್ನೇ ಆಕರ್ಷಣೆ ಅಂತ ತೋರಿಸುತ್ತಾರೆ. ಕೈ ಹಿಡಿದು ತಿರುಚುವುದು, "ನಿನ್ನ ಒಳ್ಳೆಯದಕ್ಕೇ" ಅಂತ ಬೀಗ ಹಾಕುವುದು, ಹೇಳದೆ ಹಿಂಬಾಲಿಸುವುದು. ಡ್ರ್ಯಾಗನ್ನಿನ ಬಗ್ಗೆ ನನಗೆ ಭಯ ಇಲ್ಲ, ಇದರ ಬಗ್ಗೆ ಇದೆ. ಡ್ರ್ಯಾಗನ್ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಗುವುದಿಲ್ಲ. ಇಂಥ ಗಂಡು ಸಿಗುತ್ತಾನೆ.

ಆದರೆ ಮಕ್ಕಳು ಇದನ್ನು ಕಾಣುವುದಿಲ್ಲ ಅಂತ ತಿಳಿಯಬೇಡಿ. ನಿವೃತ್ತಿಯ ಮೇಲೆ ವಾರಕ್ಕೊಮ್ಮೆ ಹಳ್ಳಿಯ ಗ್ರಂಥಾಲಯದಲ್ಲಿ ಮಕ್ಕಳ ಓದಿನ ಕೂಟ ನಡೆಸುತ್ತೇನೆ. ಅಲ್ಲಿ ಇಂಥದ್ದೇ ಇನ್ನೊಂದು ಪುಸ್ತಕದ ಮಾತು ಬಂತು. ಒಬ್ಬಳು ಆ ನಾಯಕನನ್ನು ತುಂಬ ಮೆಚ್ಚಿ ಮಾತಾಡಿದಳು. ಪಕ್ಕದಲ್ಲಿದ್ದವಳು ಕೇಳಿದಳು: "ಅವನು ಅಷ್ಟು ಚಂದ ಇಲ್ಲದಿದ್ದರೆ ಅದು ಪೊಲೀಸ್ ಕೇಸ್ ಅಲ್ವಾ?" ಕೂಟ ಒಂದು ನಿಮಿಷ ಮೌನ. ಆಮೇಲೆ ಒಂದು ಗಂಟೆ ಮಾತು. ನಾನು ಬಾಯಿ ಬಿಡಬೇಕಾಗಲಿಲ್ಲ. ನಾನು ಭಾಷಣ ಮಾಡಿದ್ದರೆ ಆ ಒಂದು ಗಂಟೆ ಬರುತ್ತಿರಲಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಪುಸ್ತಕ ನಿಲ್ಲಿಸುವುದು ಒಂದು. ಅದರ ಫಲ ನಿಮಗೆ ಆಗಲೇ ಕಾಣುತ್ತಿದೆ. ನೀವು ನಿಲ್ಲಿಸಲೂ ಇಲ್ಲ, ಬರಿ ಒಂದು ಮಾತು ಹೇಳಿದಿರಿ, ಅಷ್ಟಕ್ಕೇ ಓದು ಫೋನಿಗೆ ಹೋಯಿತು. ಕಾಗದದ ಪುಸ್ತಕ ಮೇಜಿನ ಮೇಲೆ ಬಿದ್ದಿರುತ್ತದೆ, ಏನಿದೆ ಅಂತ ನಿಮಗೆ ಗೊತ್ತಾಗುತ್ತದೆ. ಫೋನಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಪಿಡಿಎಫ್‌ನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ.

ಏನೂ ಮಾತಾಡದೆ ಬಿಡುವುದು ಇನ್ನೊಂದು. ಇದು ಸುಲಭ, ಮನೆ ಶಾಂತವಾಗಿರುತ್ತದೆ. ಆದರೆ ವಯಸ್ಸಿಗೆ ಮೀರಿದ ಪುಸ್ತಕ ಕೈಗೆ ಬಂದಾಗ ಅವಳಿಗೆ ಕೇಳಲು ಯಾರೂ ಇರುವುದಿಲ್ಲ. ಇದು ಸಣ್ಣ ವಿಷಯ ಅಲ್ಲ. ಸಿನಿಮಾಕ್ಕೆ ಇರುವ ಹಾಗೆ ನಮ್ಮಲ್ಲಿ ಪುಸ್ತಕಕ್ಕೆ ಯು, ಎ ಅಂತ ಪ್ರಮಾಣಪತ್ರ ಇಲ್ಲ. ಕೆಲವು ಪ್ರಕಾಶಕರು ಹಿಂಬದಿಯ ರಕ್ಷಾಪುಟದಲ್ಲಿ 12+ ಅಥವಾ 14+ ಅಂತ ಹಾಕುತ್ತಾರೆ, ಅದು ಕಡ್ಡಾಯ ಅಲ್ಲ. ನ್ಯೂ ಅಡಲ್ಟ್ ಅಂತ ಇನ್ನೊಂದು ಬಗೆ ಇದೆ. ಹದಿನೆಂಟು ದಾಟಿದವರಿಗೆ ಬರೆದದ್ದು, ಹಾಸಿಗೆಯ ದೃಶ್ಯಗಳು ಬಿಚ್ಚಿಯೇ ಇರುತ್ತವೆ. ಮುಖಪುಟದಲ್ಲಿ ಅದೇ ಕಿರೀಟ, ಅದೇ ಕತ್ತಿ, ಅದೇ ಹೂಬಳ್ಳಿ. ಅಂಗಡಿಯಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಮುಖಪುಟ ನೋಡಿ ಏನೂ ಗೊತ್ತಾಗುವುದಿಲ್ಲ. ಒಳಪುಟದಲ್ಲಿ ಅಥವಾ ಹಿಂಬದಿಯಲ್ಲಿ ಯಾವ ವರ್ಗ ಅಂತ ಬರೆದಿದೆಯೇ ನೋಡಿ. ನಡುವಿನ ಎರಡು ಅಧ್ಯಾಯ ಓದಿ.

ಸರಣಿಗಳು ಓದುಗರ ಜತೆ ಬೆಳೆಯುತ್ತವೆ ಎಂಬುದೂ ನೆನಪಿರಲಿ. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ 1997ರಲ್ಲಿ ಬಂದಾಗ ಹುಡುಗನಿಗೆ ಹನ್ನೊಂದು ವರ್ಷ. 2007ರ ಏಳನೆಯ ಪುಸ್ತಕದಲ್ಲಿ ಅವನಿಗೆ ಹದಿನೇಳು, ಸಾವು ನೋವು ಎಲ್ಲ ಜಾಸ್ತಿ. ಒಂದನೇ ಭಾಗ ನೋಡಿ ಐದನೆಯದಕ್ಕೆ ಒಪ್ಪಿಗೆ ಕೊಡುವ ಹಾಗಿಲ್ಲ. ನಿಮ್ಮ ಮಗಳ ಈ ಪುಸ್ತಕದಲ್ಲಿ ಒಂದೆರಡು ಮುತ್ತು, ಅಷ್ಟೇ. ಎರಡನೇ ಭಾಗದಲ್ಲಿ ಯುದ್ಧದ ಹಿಂಸೆ ಹೆಚ್ಚಿದೆ, ಬೇರೆ ಏನಿಲ್ಲ. ಹದಿನೇಳಕ್ಕೆ ಧಾರಾಳ ಓದಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ ಮತ್ತೆ ಹೋಗಿ ಮಾತಾಡುತ್ತಿದ್ದೆ. ಅಭಿಪ್ರಾಯ ಬದಲಿಸಿಕೊಳ್ಳಲು ಅಲ್ಲ, ಅದನ್ನು ಸರಿಯಾದ ಜಾಗಕ್ಕೆ ಇಡಲು. "ಅವತ್ತು ನಾನು ಟೊಳ್ಳು ಅಂದೆ. ಹಾಗೆ ಹೇಳಬಾರದಿತ್ತು. ನನಗೆ ಸಿಟ್ಟು ಬಂದದ್ದು ಯುದ್ಧದ ಅಧ್ಯಾಯದಲ್ಲಿ. ಅಷ್ಟು ದೊಡ್ಡ ಮಂತ್ರಕ್ಕೆ ಅವಳ ಯಾವ ನೆನಪು ಹೋಯಿತು?" ಇಷ್ಟು ಹೇಳಿದರೆ ಸಾಕು. ಇದು ಪುಸ್ತಕದ ಮೇಲಿನ ಮಾತು, ಮಗಳ ಮೇಲಿನದ್ದಲ್ಲ. ಇದಕ್ಕೆ ಅವಳು ಉತ್ತರ ಕೊಡಬಹುದು, ಜಗಳ ಮಾಡಬಹುದು, ಪುಸ್ತಕ ತೆಗೆದು ಪುಟ ತೋರಿಸಬಹುದು.

ಇದರಲ್ಲೂ ಅಪಾಯ ಇದೆ. ಅವಳು "ನಿನಗೆ ಅರ್ಥ ಆಗ್ಲಿಲ್ಲ ಅಮ್ಮ" ಅನ್ನಬಹುದು. ಅದು ನಿಜವೂ ಇರಬಹುದು. ನಿಧಾನದ ಇಂಗ್ಲಿಷಿನಲ್ಲಿ ನೀವು ಒಂದು ಸಾಲು ಬಿಟ್ಟಿರಬಹುದು. ಬಿಟ್ಟಿದ್ದರೆ ಒಪ್ಪಿಕೊಳ್ಳಿ, ಮಕ್ಕಳಿಗೆ ಅದರಿಂದ ಆಗುವ ಖುಷಿ ಅಷ್ಟಿಷ್ಟಲ್ಲ. ಇನ್ನೊಂದು ಅಪಾಯ, ಮಾತು ಪರೀಕ್ಷೆಯಾಗುವುದು. ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರೆ ಅವಳಿಗೆ ಶಾಲೆಯ ಟಿಪ್ಪಣಿ ನೆನಪಾಗುತ್ತದೆ. ಜೂನ್ 19ರ ವಾಚನ ದಿನಕ್ಕೆ ನಮ್ಮ ಶಾಲೆಗಳಲ್ಲಿ ಪುಸ್ತಕದ ಬಗ್ಗೆ ಬರೆಸುತ್ತಾರೆ. ಮಲಯಾಳದ ಮಕ್ಕಳು ಆಸ್ವಾದನ ಕುರಿಪ್ಪು ಅನ್ನುತ್ತಾರೆ. ಆಸ್ವಾದನೆ ಅಂದಮೇಲೆ ಹೊಗಳಲೇಬೇಕು ಅಂತ ಮಕ್ಕಳು ತಿಳಿದುಕೊಂಡಿದ್ದಾರೆ. ನಾನು ಓದಿದ ನೂರಾರು ಟಿಪ್ಪಣಿಗಳಲ್ಲಿ "ಈ ಅಧ್ಯಾಯ ನನಗೆ ಹಿಡಿಸಲಿಲ್ಲ, ಯಾಕೆಂದರೆ" ಅಂತ ಬರೆದವರು ಬಹಳ ಕಡಿಮೆ. ಅಂಥದ್ದು ಕಂಡಾಗಲೆಲ್ಲ ನನಗೆ ಹಬ್ಬ.

ನಮ್ಮ ದೊಡ್ಡವರಿಗೆ ಇದು ಚೆನ್ನಾಗಿ ಬರುತ್ತದೆ, ಆದರೆ ಪುಸ್ತಕದ ವಿಷಯದಲ್ಲಿ ಬಳಸುವುದಿಲ್ಲ. ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ. ಅದನ್ನು ಮುಗಿಸಿ ಬಂದವರ ಮಾತು ಕೇಳಿ. ವಾಲಿ ವಧೆ ಆಗಿರುತ್ತದೆ. "ವಾಲಿಯ ಮಾತು ಭಾರಿ ಲಾಯ್ಕಾಯಿತು. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ಕೇಳಿದಾಗ ರಾಮನ ಉತ್ತರ ಸಪ್ಪೆ ಆಯಿತು" ಅನ್ನುತ್ತಾರೆ. ಕೋತಿ ಮಾತಾಡುತ್ತದೆಯೇ ಅಂತ ಒಬ್ಬರೂ ಕೇಳುವುದಿಲ್ಲ. ಪಾತ್ರ ಹಿಡಿದು, ಮಾತು ಹಿಡಿದು, ಅದು ಯಾಕೆ ಸಪ್ಪೆ ಅಂತ ಬಿಡಿಸಿ ಹೇಳುತ್ತಾರೆ. ಚಹಾದ ಅಂಗಡಿಯಲ್ಲಿ ಅರ್ಧ ಗಂಟೆ ಅದೇ ಚರ್ಚೆ. ಮಗಳ ಕಾದಂಬರಿಯ ಬಗ್ಗೆ ಅದೇ ರೀತಿ ಮಾತಾಡಿದರೆ ಆಯಿತು.

ಯಾವ ಭಾಷೆಯಲ್ಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಜಿಲ್ಲೆಯ ಮಕ್ಕಳು ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್ ಅಂತ ಬದುಕುವವರು. ಇಂಗ್ಲಿಷಿನಲ್ಲಿ ಓದಿದ್ದನ್ನು ಮನೆಮಾತಿನಲ್ಲಿ ಹೇಳಲು ಹೊರಟಾಗ ಅವರಿಗೆ ತಡವರಿಕೆ ಆಗುತ್ತದೆ. ಪದ ಹುಡುಕುತ್ತಾರೆ. ಕಾಯಿರಿ, ನೀವು ಪದ ತುಂಬಿಸಬೇಡಿ. ಇಂಗ್ಲಿಷ್ ಓದಿನಿಂದ ಕನ್ನಡ ಹೋಗುತ್ತದೆ ಅಂತ ಹೆದರುವವರಿಗೂ ನಾನು ಹೇಳುವುದು ಇದನ್ನೇ. ಓದಿದ್ದರ ಬಗ್ಗೆ ಮನೆಯಲ್ಲಿ ಕನ್ನಡದಲ್ಲಿ ಮಾತಾಡಲು ಯಾರೂ ಇಲ್ಲದಾಗ ಕನ್ನಡ ಹೋಗುತ್ತದೆ.

ರಾಜಕುಮಾರನ ಮಾತನ್ನು ಅದೇ ದಿನ ಎತ್ತಬೇಡಿ. ಅದನ್ನು ಎತ್ತಿದ ಕೂಡಲೇ ಅಮ್ಮ ಬುದ್ಧಿ ಹೇಳಲು ಬಂದಳು ಅಂತ ಆಗುತ್ತದೆ. ನಾಲ್ಕು ದಿನ ಹೋಗಲಿ. ಆಮೇಲೆ, "ಆ ಬೀಗ ಹಾಕಿದ ದೃಶ್ಯ ನಿನಗೆ ಹೇಗನಿಸಿತು?" ಅಂತ ಕೇಳಿ ಸುಮ್ಮನಿರಿ.

ಮಡಚಿದ ಪುಟದ ಬಗ್ಗೆ ನಾನು ಜಾಸ್ತಿ ಹೇಳಲಾರೆ, ಅದು ನಿಮ್ಮಿಬ್ಬರದ್ದು. ಒಂದು ಮಾತ್ರ. ಅಷ್ಟು ಪುಟಗಳಲ್ಲಿ ಯುದ್ಧ ಇತ್ತು, ಪ್ರೇಮ ಇತ್ತು, ಅರಮನೆ ಇತ್ತು. ಅವಳು ಗುರುತು ಮಾಡಿದ್ದು ಅಮ್ಮನ ದನಿ ಮರೆತುಹೋಗುವ ಜಾಗ. ಆಮೇಲೆ ಪುಸ್ತಕ ತಂದುಕೊಟ್ಟದ್ದು ನಿಮಗೆ. ಮುಂದಿನ ವರ್ಷ ಅವಳು ಮಂಗಳೂರಿಗೋ ಬೇರೆ ಎಲ್ಲಿಗೋ ಓದಲು ಹೋಗುವವಳು ಅಲ್ವಾ?

ಎರಡನೇ ಭಾಗ ಓದಬೇಕಾ ಅಂತ ಕೇಳಿದ್ದೀರಿ. ಬೇಡ ಅನಿಸಿದರೆ ಓದಬೇಡಿ. ಮಗಳ ಪ್ರೀತಿಗೆ ಐನೂರು ಪುಟದ ಪರೀಕ್ಷೆ ಬೇಕಾಗಿಲ್ಲ. ಆದರೆ ಕೊನೆಯ ಮಂತ್ರಕ್ಕೆ ಆ ಹುಡುಗಿ ಯಾವ ನೆನಪು ಕೊಟ್ಟಳು ಎಂಬ ಪ್ರಶ್ನೆ ನಿಮ್ಮನ್ನು ಈಗಲೂ ಕೊರೆಯುತ್ತಿದ್ದರೆ, ಅದಕ್ಕೆ ಎರಡನೇ ಭಾಗದಲ್ಲಿ ಉತ್ತರ ಇದೆಯೋ ಇಲ್ಲವೋ ಅಂತ ನಾನು ಹೇಳುವುದಿಲ್ಲ. ಫೋನಿನಲ್ಲಿ ಅವಳು ಅದನ್ನೇ ಓದುತ್ತಿರಬಹುದು. ಅವಳನ್ನೇ ಕೇಳಿ.